ಗರಿ ನೋಡಿ, ಆಮೇಲೆ ಚಿರತೆ ಅನ್ನಿ

ಪುಣೆಯಲ್ಲಿ ಈಗ ಗುಡ್ಡದ ಮೇಲೆ ಏನು ಸತ್ತು ಬಿದ್ದರೂ ಚಿರತೆಯ ಖಾತೆಗೇ ಜಮಾ. ನವಿಲು ಸತ್ತರೆ ಚಿರತೆ, ಸೊಸೈಟಿಯ ಬೆಕ್ಕು ಕಾಣೆಯಾದರೆ ಚಿರತೆ, ರಾತ್ರಿ ಪಾಳಿಯ ವಾಚ್‌ಮನ್ ಜೋರಾಗಿ ಕೆಮ್ಮಿದರೂ ಚಿರತೆ! ಹೀಗೆ ನೋಡದೇ ಆರೋಪ ಹೊರಿಸುವುದು ಸರಿಯಲ್ಲ, ಸತ್ತ ಹಕ್ಕಿಯ ಸುತ್ತ ಐದು ನಿಮಿಷ ನಿಂತು ನೋಡಿದರೆ ಕೊಂದವರ ಗುರುತು ಎಷ್ಟೋ ಸಲ ಅಲ್ಲೇ ಬಿದ್ದಿರುತ್ತದೆ ಅನ್ನುವುದು ನನ್ನ ವಾದ. ಬರಹ ಸ್ವಲ್ಪ ಉದ್ದ ಆಗುತ್ತದೆ, ಚಹಾ ಪಕ್ಕದಲ್ಲಿಟ್ಟುಕೊಂಡೇ ಓದಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಜನರ ಹೆದರಿಕೆ ಸುಳ್ಳಲ್ಲ. 2025ರ ಅಕ್ಟೋಬರ್-ನವೆಂಬರಿನಲ್ಲಿ ಇದೇ ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನ ಪಿಂಪರಖೇಡದ ಸುತ್ತಮುತ್ತ ಮಕ್ಕಳೂ ಸೇರಿ ಮೂರು ಜನ ಚಿರತೆಗೆ ಬಲಿಯಾದರು. ಊರವರು ರಸ್ತೆಗಿಳಿದರು, ಕೊನೆಗೆ ಆ ಚಿರತೆಯನ್ನು ಗುಂಡಿಟ್ಟು ಕೊಂದರು. ಅದೇ ನವೆಂಬರಿನಲ್ಲಿ ಪುಣೆ ಊರೊಳಗೆ ಔಂಧ್ ಕಡೆಯೂ ಚಿರತೆ ಓಡಾಡಿದ ಸುದ್ದಿ ಬಂತು. ಮಗುವನ್ನು ಕಳೆದುಕೊಂಡ ಮನೆಯ ಎದುರು ನಿಂತು 'ಚಿರತೆ ಪಾಪದ ಪ್ರಾಣಿ' ಅಂತ ಭಾಷಣ ಬಿಗಿಯುವ ಜಾಣ ನಾನಲ್ಲ. ಅಷ್ಟು ಗಂಭೀರ ವಿಷಯ ಆಗಿರುವುದರಿಂದಲೇ ಸುಮ್ಮಸುಮ್ಮನೆ ಚಿರತೆ ಅನ್ನಬಾರದು ಅಂತ ಹೇಳುತ್ತಿದ್ದೇನೆ.

ಕೋಥ್ರೂಡಿನಲ್ಲಿ ಮನೆ ಮಾಡಿ ನನಗೀಗ ಮೂವತ್ತು ವರ್ಷ ದಾಟಿತು. ಬೆಳಗಿನ ವಾಕಿಂಗ್ ವೇತಾಳ ಟೇಕಡಿಗೆ. ಪುಣೆಯವರಲ್ಲದವರಿಗೆ ಹೇಳುವುದಾದರೆ, ಟೇಕಡಿ ಅಂದರೆ ಗುಡ್ಡ. ಊರ ನಡುವೆ ಇಷ್ಟು ದೊಡ್ಡ ಗುಡ್ಡ, ಅದರ ಮೇಲೆ ನವಿಲು, ಗೌಜಲಕ್ಕಿ... ಬೆಂಗಳೂರಿನಿಂದ ಬಂದ ನೆಂಟರಿಗೆ ಇದನ್ನು ತೋರಿಸುವಾಗ ನನ್ನದೇ ಹೊಲ ತೋರಿಸಿದಷ್ಟು ಜಂಬ ನನಗೆ. ಈಚೆಗೆ ಒಂದು ಬೆಳಿಗ್ಗೆ ಅಲ್ಲಿ ಇಳಿಜಾರಿನಲ್ಲಿ ಒಂದು ಹೆಣ್ಣು ನವಿಲು ಸತ್ತು ಬಿದ್ದಿತ್ತು. ಮರಾಠಿಯಲ್ಲಿ ಹೆಣ್ಣು ನವಿಲಿಗೆ ಲಾಂಡೋರ ಅಂತ ಬೇರೆಯೇ ಹೆಸರಿದೆ. ಸುತ್ತ ಆರೇಳು ಜನ, ಆರೇಳು ಮೊಬೈಲು. ನಾನು ಹತ್ತಿರ ಹೋಗುವ ಹೊತ್ತಿಗೆ ತೀರ್ಪು ಆಗಿಹೋಗಿತ್ತು. 'ಬಿಬಟ್ಯಾ!' ಅಂದರು ಒಬ್ಬ ಕಾಕಾ. ಬಿಬಟ್ಯಾ ಅಂದರೆ ಚಿರತೆ. ಮಧ್ಯಾಹ್ನದೊಳಗೆ ವಾಟ್ಸಾಪಿನಲ್ಲಿ ಪಂಜರ ಇಡಿಸಬೇಕು, ಅರಣ್ಯ ಇಲಾಖೆ ಏನು ಮಾಡುತ್ತಿದೆ ಅಂತ ಶುರು.

ನಾನು ನೋಡಿದ್ದು ಇಷ್ಟು. ಗರಿಗಳು ಒಂದು ಕಡೆ ರಾಶಿಯಾಗಿರಲಿಲ್ಲ, ಇಪ್ಪತ್ತು ಮೂವತ್ತು ಹೆಜ್ಜೆ ಉದ್ದಕ್ಕೂ ಅಲ್ಲಲ್ಲಿ ಚೆಲ್ಲಿದ್ದವು. ಬಹಳ ಗರಿಗಳು ನಾಲ್ಕೈದು ಸೇರಿ ಜೊಲ್ಲಿನಲ್ಲಿ ಅಂಟಿಕೊಂಡ ಗೊಂಚಲು. ಎತ್ತಿ ನೋಡಿದರೆ ಹಲವು ಗರಿಗೆ ಬುಡವೇ ಇಲ್ಲ, ಕಡ್ಡಿ ಅರ್ಧಕ್ಕೆ ಕಚ್ಚಿ ಮುರಿದಿತ್ತು. ಹಕ್ಕಿಯ ಬೆನ್ನು, ತೊಡೆ, ಬಾಲದ ಬುಡ ಹರಿದಿದ್ದವು, ಎಲ್ಲೆಲ್ಲೂ ಹಲ್ಲಿನ ಗುರುತು. ಆದರೆ ಎದೆಯ ಮಾಂಸ ಹಾಗೇ ಇತ್ತು. ಹಕ್ಕಿಯ ಮೈಯಲ್ಲಿ ತಿನ್ನಲು ಎಲ್ಲಕ್ಕಿಂತ ಒಳ್ಳೆಯ ಭಾಗ ಅದು, ಅದನ್ನೇ ಮುಟ್ಟಿರಲಿಲ್ಲ! ಹಸಿದು ಬೇಟೆಗೆ ಬಂದ ಪ್ರಾಣಿ ಹೀಗೆ ಬಿಟ್ಟು ಹೋಗುತ್ತದೆಯೇ, ನೀವೇ ಹೇಳಿ.

ಇದೆಲ್ಲ ನನಗೆ ಹೇಗೆ ಗೊತ್ತು ಅಂತ ಕೇಳಬಹುದು. ನಮ್ಮದು ಹಾವೇರಿ ಜಿಲ್ಲೆ, ಬಂಕಾಪುರದ ಕಡೆ. ಬಂಕಾಪುರದ ಹಳೇ ಕೋಟೆಯೊಳಗೆ ನವಿಲುಧಾಮ ಇರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ನನ್ನ ಸೋದರಮಾವ 1972ರ ವನ್ಯಜೀವಿ ಕಾಯ್ದೆ ಬರುವುದಕ್ಕೆ ಮುಂಚಿನ ಕಾಲದ ಶಿಕಾರಿ. ಪಳಗಿಸಿದ ಗೌಜಲಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ, ಜಗಳಕ್ಕೆ ಬಂದ ಕಾಡಿನ ಗೌಜಲಕ್ಕಿಯನ್ನು ಉರುಳಿನಲ್ಲಿ ಹಿಡಿಯುತ್ತಿದ್ದವ. ಗೌಜಲಕ್ಕಿ, ಬುರ್ಲಿ, ಕಾಡುಕೋಳಿ, ನವಿಲು ಎಲ್ಲಾ ಒಂದೇ ಬಳಗ. ನೆಲದ ಮೇಲೆ ಮೇಯುವ, ನೆಲದ ಮೇಲೇ ಗೂಡು ಮಾಡುವ, ಮೈತುಂಬ ಮಾಂಸ ಇರುವ ಹಕ್ಕಿಗಳು. ಅದಕ್ಕೇ ಎಲ್ಲರ ಕಣ್ಣೂ ಅವುಗಳ ಮೇಲೆ. ಹೊಲದ ಬದುವಿನಲ್ಲಿ ಗರಿ ಕಂಡರೆ ಮಾವ ಕೂತುಬಿಡುತ್ತಿದ್ದ. "ಗರಿ ಕಿತ್ತಾವೋ, ಕಡದಾವೋ ನೋಡಲೇ ಮೊದಲ" ಅನ್ನುತ್ತಿದ್ದ. ಮುಂದೆ ಪುಣೆಗೆ ಬಂದ ಮೇಲೆ ಹಕ್ಕಿ ನೋಡುವವರ ಸಹವಾಸ, ಪುಸ್ತಕ ಎಲ್ಲಾ ಆಯಿತು. ಪುಸ್ತಕದವರೂ ಮೊದಲು ಕೇಳುವುದು ಮಾವನ ಪ್ರಶ್ನೆಯನ್ನೇ!

ಹದ್ದು ಗಿಡುಗಗಳಿಗೆ ಹಲ್ಲಿಲ್ಲ. ಆದ್ದರಿಂದ ಹಿಡಿದ ಹಕ್ಕಿಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಕೊಕ್ಕಿನಿಂದ ಒಂದೊಂದೇ ಗರಿ ಕೀಳುತ್ತವೆ, ನಮ್ಮ ಮನೆಯಲ್ಲಿ ಮೆಂತ್ಯದ ಎಲೆ ಬಿಡಿಸುವ ಹಾಗೆ. ಗರಿ ಬುಡಸಮೇತ ಇಡಿಯಾಗಿ ಬರುತ್ತದೆ, ಒಂದೇ ಜಾಗದಲ್ಲಿ ಸುತ್ತಲೂ ಉದುರಿರುತ್ತದೆ. ಬೆಳಕಿಗೆ ಹಿಡಿದರೆ ಕೆಲವು ಕಡ್ಡಿಗಳ ಮೇಲೆ ಕೊಕ್ಕು ಚಿವುಟಿದ ಸಣ್ಣ ಮಡಿಕೆ ಕಾಣುತ್ತದೆ. ಆಮೇಲೆ ಎದೆಯಿಂದ ಊಟ ಶುರು. ಎದೆಮೂಳೆಯನ್ನು ಚೊಕ್ಕಟ ಮಾಡಿಟ್ಟಿರುತ್ತದೆ, ಅದರ ತೆಳು ಅಂಚಿನಲ್ಲಿ ಕೊಕ್ಕು ಕಚ್ಚಿದ ತ್ರಿಕೋನದ ಕಚ್ಚುಗಳು. ರೆಕ್ಕೆಗಳೆರಡು ಮೂಳೆಗೆ ಅಂಟಿಕೊಂಡೇ ಉಳಿಯುತ್ತವೆ. ಹತ್ತಿರದ ಕಲ್ಲಿನ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಹಿಕ್ಕೆ ಇದ್ದರೆ ಗುರುತು ಇನ್ನೂ ಗಟ್ಟಿ.

ಇಲ್ಲಿ ತೂಕದ ಲೆಕ್ಕವನ್ನೂ ಮರೆಯಬಾರದು. ನಮ್ಮ ಬಾಲ್ಕನಿಗೆ ಬರುವ ಶಿಕ್ರ ಕಾಲು ಕಿಲೋ ದಾಟುವುದೇ ಅಪರೂಪ, ಹೆಣ್ಣು ನವಿಲು ಮೂರು ಕಿಲೋ ಆಸುಪಾಸು. ಶಿಕ್ರ ಲಾಂಡೋರವನ್ನು ಕೊಂದಿತು ಅನ್ನುವುದು ನನ್ನ ಮೊಮ್ಮಗ ದಾರಾಸಿಂಗನನ್ನು ಕೆಡವಿದ ಅಂದ ಹಾಗೆ. ಬೊನೆಲ್ಲಿ ಈಗಲ್ ಅನ್ನುವ ದೊಡ್ಡ ಹದ್ದಿಗೆ ಗೌಜಲಕ್ಕಿಯೋ ನವಿಲಿನ ಮರಿಯೋ ಸಿಕ್ಕರೆ ಬಿಡುವುದಿಲ್ಲ. ಕೊಂಬಿನ ಗೂಬೆಯ ಮೇಲೂ ಜನರಿಗೆ ಅನುಮಾನ ಜಾಸ್ತಿ. ಆದರೆ ಪುಣೆಯ ಇಳಾ ಫೌಂಡೇಶನ್ನಿನ ಡಾ. ಸತೀಶ ಪಾಂಡೆ ಮತ್ತು ಜೊತೆಯವರು ಈ ಭಾಗದ ಕೊಂಬಿನ ಗೂಬೆಗಳು ಕಕ್ಕಿದ ಉಂಡೆಗಳನ್ನು ಬಿಡಿಸಿ ನೋಡಿದಾಗ ಸಿಕ್ಕಿದ್ದು ಹೆಚ್ಚಾಗಿ ಇಲಿ ಹೆಗ್ಗಣಗಳ ಮೂಳೆ. ಗೂಬೆಯ ಹಣೆಬರಹವೇ ಹಾಗೆ, ಒಳ್ಳೆಯದು ಮಾಡಿದರೂ ಅಪಶಕುನ.

ಹಲ್ಲಿರುವ ಪ್ರಾಣಿಗೆ ಒಂದೊಂದೇ ಗರಿ ಕೀಳುವ ತಾಳ್ಮೆ ಇರುವುದಿಲ್ಲ. ನರಿಯಾಗಲಿ ನಾಯಿಯಾಗಲಿ ಬಾಯಿತುಂಬ ಕಚ್ಚಿ ಎಳೆಯುತ್ತವೆ. ದವಡೆಗೆ ಸಿಕ್ಕ ಕಡ್ಡಿ ಕತ್ತರಿಸುತ್ತದೆ, ಗರಿ ಜೊಲ್ಲಿನಲ್ಲಿ ಒದ್ದೆಯಾಗಿ ಗೊಂಚಲಾಗುತ್ತದೆ. ಇವೆರಡರ ನಡುವೆ ಭೇದ ಹೇಗೆ ಅಂದರೆ, ನರಿ ಹೊಟ್ಟೆಪಾಡಿನ ಪ್ರಾಣಿ. ಕೊಂದದ್ದನ್ನು ಹೊತ್ತುಕೊಂಡು ಹೋಗುತ್ತದೆ, ಮಿಕ್ಕಿದ್ದನ್ನು ಹೂತಿಡುವುದೂ ಉಂಟು. ಆದ್ದರಿಂದ ಜಾಗದಲ್ಲಿ ಕಡಿದ ಗರಿ ಮಾತ್ರ, ಹಕ್ಕಿ ನಾಪತ್ತೆ. ಊರ ನಾಯಿಗಳು ಗುಂಪಾಗಿ ಬರುತ್ತವೆ, ಹಿಂದಿನಿಂದ ಅಟ್ಟುತ್ತವೆ, ಬೆನ್ನಿಗೂ ತೊಡೆಗೂ ಎಲ್ಲೆಂದರಲ್ಲಿ ಕಚ್ಚುತ್ತವೆ, ಎಳೆದಾಡುತ್ತವೆ, ಹಕ್ಕಿ ಒದ್ದಾಡುವುದು ನಿಂತ ಮೇಲೆ ಬೇಸರ ಬಂದು ಹೋಗಿಬಿಡುತ್ತವೆ. ಹಕ್ಕಿ ಹರಿದಿರುತ್ತದೆ, ತಿಂದಿರುವುದಿಲ್ಲ.

ಬೆಕ್ಕಿನ ಜಾತಿಯದು ಚೊಕ್ಕ ಕೆಲಸ. ಕತ್ತಿನ ಹಿಂದೆ ಒಂದೇ ಗಟ್ಟಿ ಕಚ್ಚು, ಚರ್ಮ ಸರಿಸಿದರೆ ಕೋರೆಹಲ್ಲಿನ ತೂತು. ದೊಡ್ಡ ಹಕ್ಕಿಯಾದರೆ ಕಾಡುಬೆಕ್ಕೂ ಚಿರತೆಯೂ ಗರಿ ಕೀಳುವುದುಂಟು, ಹಾಗಾಗಿ ಗರಿ ಕಿತ್ತಿದೆ ಅಂದಾಕ್ಷಣ ಹದ್ದು ಅಂತ ಹೇಳಿಬಿಡುವ ಹಾಗಿಲ್ಲ. ಚಿರತೆಯೇ ಆದರೆ ಮೂರು ಕಿಲೋ ನವಿಲು ಅದಕ್ಕೆ ಒಂದು ತಿಂಡಿ. ಮರೆಗೆ ಎಳೆದುಕೊಂಡು ಹೋಗಿ ತಿನ್ನುತ್ತದೆ, ಎದೆ ಹಾಗೇ ಬಿಟ್ಟು ವಾಕಿಂಗ್ ದಾರಿಯಲ್ಲಿ ಪ್ರದರ್ಶನಕ್ಕೆ ಇಡುವುದಿಲ್ಲ. ಮಣ್ಣು ಮೆತ್ತಗಿದ್ದರೆ ಹೆಜ್ಜೆಯನ್ನೂ ನೋಡಿ. ಬೆಕ್ಕಿನ ಜಾತಿ ನಡೆಯುವಾಗ ಉಗುರು ಒಳಗೆಳೆದುಕೊಂಡಿರುತ್ತದೆ, ಹೆಜ್ಜೆ ದುಂಡಗೆ, ಹಿಂಭಾಗದ ಮೆತ್ತೆಯಲ್ಲಿ ಮೂರು ಉಬ್ಬು. ನಾಯಿಯ ಹೆಜ್ಜೆ ಉದ್ದಕ್ಕೆ, ಬೆರಳ ತುದಿಯಲ್ಲಿ ಉಗುರಿನ ಚುಕ್ಕಿ. ಇಷ್ಟು ಗೊತ್ತಿದ್ದರೆ ವಾಟ್ಸಾಪಿನ ಅರ್ಧ ಚಿರತೆಗಳು ನಾಯಿಗಳಾಗಿಬಿಡುತ್ತವೆ!

ಮುಂಗುಸಿ, ಉಡ, ಕಾಗೆಗಳ ಕಣ್ಣೆಲ್ಲ ಮೊಟ್ಟೆ ಮರಿಗಳ ಮೇಲೆ. ಆ ಕಥೆ ಇನ್ನೊಮ್ಮೆ.

ಇಷ್ಟು ಹೇಳಿದ ಮೇಲೆ ಒಂದು ತೊಡಕನ್ನೂ ಹೇಳಬೇಕು. ತಿಂದವನೇ ಕೊಂದವನು ಅಂತ ಇಲ್ಲ. ನವಿಲು ಮೊದಲೇ ಸತ್ತು ಬಿದ್ದಿರಬಹುದು, ನಾಯಿ ಆಮೇಲೆ ಬಂದು ಎಳೆದಾಡಿರಬಹುದು. ಕಾಗೆ ಮೊದಲು ಕಣ್ಣಿಗೆ ಬಾಯಿ ಹಾಕುತ್ತದೆ, ಹದ್ದು ಬರುತ್ತದೆ, ಇರುವೆ ಬರುತ್ತದೆ, ಎಲ್ಲರೂ ತಮ್ಮ ತಮ್ಮ ಗುರುತು ಬಿಟ್ಟು ಹೋಗುತ್ತಾರೆ. ಪಶುವೈದ್ಯರು ಇದನ್ನು ಬಿಡಿಸುವ ದಾರಿ ಬಹಳ ಸರಳ. ಕಚ್ಚಿದ ಜಾಗದ ಚರ್ಮದ ಕೆಳಗೆ ನೋಡುತ್ತಾರೆ. ಜೀವ ಇದ್ದಾಗ ಕಚ್ಚಿದರೆ ಅಲ್ಲಿ ರಕ್ತ ಸೋರಿ ಕಪ್ಪಾಗಿ ಹೆಪ್ಪುಗಟ್ಟಿರುತ್ತದೆ. ಸತ್ತ ಮೇಲೆ ಕಚ್ಚಿದರೆ ರಕ್ತ ಓಡುವುದು ನಿಂತಿರುತ್ತದೆ, ತೂತು ಮಾತ್ರ ಇರುತ್ತದೆ, ಕಂದಿರುವುದಿಲ್ಲ. ಗಾಯದ ಜೊಲ್ಲನ್ನು ಹತ್ತಿಯಲ್ಲಿ ಒರೆಸಿ ಡಿಎನ್ಎ ಪರೀಕ್ಷೆಗೂ ಕಳಿಸಬಹುದು, ಆದರೆ ಎಲ್ಲಾ ನವಿಲಿಗೂ ಅದು ಆಗಿಬರುವ ಮಾತಲ್ಲ.

ಮೈಮೇಲೆ ಒಂದೂ ಗಾಯ ಇಲ್ಲದಿದ್ದರೆ ಇನ್ನೂ ಹುಷಾರಾಗಿರಬೇಕು. ಕರೆಂಟು ಹೊಡೆದರೆ ಕಾಲಿನಲ್ಲೋ ರೆಕ್ಕೆಯಲ್ಲೋ ಸುಟ್ಟ ಕಲೆ, ಸುಟ್ಟ ಗರಿಯ ವಾಸನೆ. ವಿಷ ಆದರೆ ಗಂಟಲ ಕೆಳಗಿನ ಚೀಲದಲ್ಲಿ ಕಾಳು ಹಾಗೇ ಇರುತ್ತದೆ. 2025ರ ಆಗಸ್ಟಿನಲ್ಲಿ ನಮ್ಮ ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನಲ್ಲಿ 20 ನವಿಲು ಒಟ್ಟಿಗೆ ಸತ್ತು ಬಿದ್ದಾಗ ಎಲ್ಲರಿಗೂ ಮೊದಲು ಬಂದ ಅನುಮಾನ ವಿಷದ್ದೇ, ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಒಂದು ನವಿಲಾದರೆ ಬೇಟೆಯ ಪ್ರಾಣಿ ಇರಬಹುದು. ಇಪ್ಪತ್ತು ನವಿಲನ್ನು ಒಂದೇ ಕಡೆ ಕೆಡವಿ ಹೋಗುವ ಪ್ರಾಣಿ ಕಾಡಿನಲ್ಲಿಲ್ಲ.

ಅಂದ ಹಾಗೆ ಕೊಲೆಯೇ ಆಗದೆ ಗರಿ ಬೀಳುವುದೂ ಉಂಟು! ಮಳೆಗಾಲದ ಕೊನೆಗೆ ಗಂಡು ನವಿಲು ತನ್ನ ಉದ್ದ ಗರಿಗಳನ್ನೆಲ್ಲ ತಾನೇ ಉದುರಿಸುತ್ತದೆ. ಪ್ರತಿ ವರ್ಷ ಆ ದಿನಗಳಲ್ಲಿ ಯಾರೋ ಒಬ್ಬರು ಮರದ ಕೆಳಗಿನ ಗರಿಗಳ ಫೋಟೋ ಹಾಕಿ 'ರಾಷ್ಟ್ರಪಕ್ಷಿಯ ಹತ್ಯೆ' ಅಂತ ಬರೆಯುತ್ತಾರೆ. ಗರಿಯ ಬುಡ ನೋಡಿದರೆ ಸಾಕು. ತಾನಾಗಿ ಉದುರಿದ್ದರ ಬುಡ ಒಣಗಿ, ಬೆಳ್ಳಗೆ, ನಯವಾಗಿರುತ್ತದೆ. ಕಿತ್ತಿದ್ದರ ಬುಡದಲ್ಲಿ ರಕ್ತವೋ ಚರ್ಮದ ಚೂರೋ ಅಂಟಿರುತ್ತದೆ. ಕಾನೂನಿಗೂ ಇದೇ ವ್ಯತ್ಯಾಸ ಮುಖ್ಯ. ಉದುರಿದ ನವಿಲುಗರಿ ಇಟ್ಟುಕೊಂಡರೆ ತಪ್ಪಿಲ್ಲ, ನವಿಲು ಕೊಂದರೆ 3ರಿಂದ 7 ವರ್ಷ ಜೈಲು.

ಸರಿ, ನಮ್ಮ ಗುಡ್ಡದ ನಾಯಿಗಳ ವಿಷಯಕ್ಕೆ ಬರೋಣ. ನಾಯಿ ಅಂದ ಕೂಡಲೇ ಕೆಲವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ ಅಂತ ಗೊತ್ತು. ನನಗೂ ನಾಯಿ ಇಷ್ಟ. ತೇಜಸ್ವಿಯವರ 'ಪರಿಸರದ ಕತೆ'ಯ ಕಿವಿಯನ್ನು ಓದಿ ಬೆಳೆದವರಿಗೆ ನಾಯಿ ಮೇಲೆ ದ್ವೇಷ ಎಲ್ಲಿಂದ ಬರಬೇಕು? ಆದರೆ ನಡೆಯುತ್ತಿರುವುದನ್ನು ನಡೆಯುತ್ತಿದೆ ಅನ್ನಲೇಬೇಕು. ಪುಣೆಯಿಂದ ನಮ್ಮೂರಿಗೆ ಹೋಗುವ ಒಂದು ದಾರಿಯಲ್ಲಿ ಸೊಲ್ಲಾಪುರ ಸಿಗುತ್ತದೆ, ಕನ್ನಡ ಮಾತು ಕಿವಿಗೆ ಬೀಳಲು ಶುರುವಾಗುವ ಊರು. ಅದರ ಪಕ್ಕದ ನಾನಜ್‌ನಲ್ಲಿ ಎರೆಭೂತ, ಅಂದರೆ ಹೆಬ್ಬಕ ಹಕ್ಕಿಯ ಅಭಯಾರಣ್ಯ ಇದೆ. ಒಂದು ಕಾಲಕ್ಕೆ ಶಿಕಾರಿಯವರು ಬಹಳ ಇಷ್ಟಪಟ್ಟು ಹೊಡೆದ ಹಕ್ಕಿ ಅದು. ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬಟಾಬಯಲಿನಲ್ಲಿ. ಆ ನಾನಜ್‌ನಲ್ಲೇ ಅಬಿ ತಮೀಮ್ ವನಕ್ ಅನ್ನುವ ವಿಜ್ಞಾನಿ ನಾಯಿಗಳೂ ಹುಲ್ಲುಗಾವಲಿನ ಸಣ್ಣ ನರಿಗಳೂ ಏನು ತಿನ್ನುತ್ತವೆ ಅಂತ ಅಭ್ಯಾಸ ಮಾಡಿದರು, 2009ರಲ್ಲಿ ಅದು ಪ್ರಕಟವಾಯಿತು. ನರಿಗಳು ಇಲಿ, ಹುಳು, ಹಣ್ಣು ತಿಂದರೆ ನಾಯಿಗಳ ಊಟದ ದೊಡ್ಡ ಪಾಲು ಮನುಷ್ಯರಿಂದಲೇ ಬಂದದ್ದು. ಅಂದರೆ ನಾಯಿಯ ಹೊಟ್ಟೆ ತುಂಬುವುದು ನಮ್ಮ ಅನ್ನ, ರೊಟ್ಟಿ, ಕಸದಿಂದ. ಬೇಟೆ ಅದಕ್ಕೆ ಊಟ ಅಲ್ಲ, ಚಟ. ನವಿಲಿನ ಎದೆ ಮಾಂಸ ಯಾಕೆ ಹಾಗೇ ಉಳಿಯಿತು ಅನ್ನುವುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೇ?

ಇನ್ನೂ ಒಂದು ಲೆಕ್ಕ ಇದೆ. 2018ರಲ್ಲಿ ಚಂದ್ರಿಮಾ ಹೋಮ್, ಯಶವೀರ ಭಟ್ನಾಗರ್ ಮತ್ತು ಇದೇ ವನಕ್ ಸೇರಿ ದೇಶದ ತುಂಬ ನಾಯಿಗಳು ಕಾಡುಪ್ರಾಣಿಗಳ ಮೇಲೆ ಬಿದ್ದ ವರದಿಗಳನ್ನು ಕಲೆಹಾಕಿದರು. 80 ಜಾತಿಯ ಪ್ರಾಣಿಪಕ್ಷಿಗಳ ಮೇಲೆ ದಾಳಿ, ಅವುಗಳಲ್ಲಿ 31 ಜಾತಿ ಅಳಿವಿನ ಭಯದ ಪಟ್ಟಿಯಲ್ಲಿರುವಂಥವು. ಮೂರರಲ್ಲಿ ಎರಡು ಪಾಲು ದಾಳಿ ಮಾಡಿದ್ದು ಜೊತೆಗೆ ಯಾರೂ ಇಲ್ಲದೆ ಗುಂಪಾಗಿ ತಿರುಗುವ ನಾಯಿಗಳು. ಹೀಗಿದ್ದೂ ನಾಯಿ ಕೊಂದರೆ ಸುದ್ದಿಯಲ್ಲ, ಚಿರತೆ ಕೊಂದಿರಬಹುದು ಅಂದರೆ ಸುದ್ದಿ!

ಇದರಿಂದ ನಷ್ಟ ಏನು, ಯಾರು ಕೊಂದರೂ ನವಿಲು ಸತ್ತಿತಲ್ಲ ಅನ್ನಬಹುದು. ನಷ್ಟ ಇದೆ. ಚಿರತೆ ಅಂದರೆ ಪಂಜರ ಬರುತ್ತದೆ. ನಮ್ಮ ಜುನ್ನರದ ಕಡೆ 2000ದ ದಶಕದ ಶುರುವಿನಲ್ಲಿ ಹೀಗೇ ಚಿರತೆಗಳನ್ನು ಹಿಡಿದು ಹಿಡಿದು ದೂರದ ಕಾಡುಗಳಲ್ಲಿ ಬಿಟ್ಟರು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಲೆಕ್ಕ ಹಾಕಿ ನೋಡಿದಾಗ, ಆಮೇಲೆ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು, ಬಿಟ್ಟ ಜಾಗಗಳ ಹತ್ತಿರವೂ ದಾಳಿ ಶುರುವಾಗಿತ್ತು. ಸುಮ್ಮನಿದ್ದ ಚಿರತೆಯನ್ನು ಹಿಡಿದು ಗೊತ್ತಿಲ್ಲದ ಊರಿಗೆ ಬಿಟ್ಟರೆ ಅದು ಸುಮ್ಮನಿರುತ್ತದೆ ಅಂತ ಯಾರು ಹೇಳಿದ್ದು?

ಅದೇ ಅತ್ರೇಯ ಅವರ ತಂಡ ಪಕ್ಕದ ಅಹಿಲ್ಯಾನಗರ ಜಿಲ್ಲೆಯ (ಆಗ ಅಹ್ಮದನಗರ) ಅಕೋಲೆಯಲ್ಲಿ ಚಿರತೆಯ ಮಲ ಪರೀಕ್ಷಿಸಿತು. ಚಿರತೆ ತಿಂದದ್ದರಲ್ಲಿ ತೂಕದ ಲೆಕ್ಕದಲ್ಲಿ ಶೇ. 87 ಸಾಕುಪ್ರಾಣಿಗಳು, ನಾಯಿಯೊಂದೇ ಶೇ. 39! ಈಗ ಇದನ್ನು ಜೋಡಿಸಿ ನೋಡಿ. ನಾವು ಗುಡ್ಡದ ಬುಡದಲ್ಲಿ ಅನ್ನ ಸುರಿಯುತ್ತೇವೆ, ಕಸ ಸುರಿಯುತ್ತೇವೆ. ನಾಯಿ ಹೆಚ್ಚುತ್ತವೆ. ಹೊಟ್ಟೆ ತುಂಬಿದ ನಾಯಿಗಳು ಬೆಳಗಾಗೆದ್ದು ಗುಡ್ಡ ಹತ್ತಿ ನವಿಲು ಅಟ್ಟುತ್ತವೆ. ಆ ನಾಯಿಗಳ ವಾಸನೆ ಹಿಡಿದು ಬರುವವನು ಯಾರು ಅಂತ ಬೇರೆ ಹೇಳಬೇಕೇ? ಚಿರತೆಗೆ ನಿಜವಾಗಿ ಹೆದರುವವರು ಮೊದಲು ಮಾತಾಡಬೇಕಾದ್ದು ಪಂಜರದ ಬಗ್ಗೆ ಅಲ್ಲ, ಆ ಅನ್ನದ ತಟ್ಟೆಗಳ ಬಗ್ಗೆ.

ನಾಯಿಗೆ ಅನ್ನ ಹಾಕುವ ತಾಯಂದಿರನ್ನು ಬಯ್ಯುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಅವರಲ್ಲಿ ಕೆಲವರು ತಮ್ಮ ಪೆನ್ಶನ್ನಿನಿಂದ ನಾಯಿಗಳಿಗೆ ಆಪರೇಶನ್ ಮಾಡಿಸುವುದನ್ನು ಕಣ್ಣಾರೆ ನೋಡಿದ್ದೇನೆ, ಕೈಮುಗಿಯಬೇಕು. 2023ರ ನಿಯಮಗಳೂ ನಾಯಿಗೆ ಊಟ ಹಾಕಬೇಡಿ ಅನ್ನುವುದಿಲ್ಲ, ಜಾಗ ಗೊತ್ತುಮಾಡಿಕೊಂಡು ಹಾಕಿ ಅನ್ನುತ್ತವೆ. ಆ ಜಾಗ ಗುಡ್ಡದ ಮೇಲೆ, ಬುಡದ ಗೇಟಿನ ಹತ್ತಿರ ಬೇಡ, ಬೀದಿಯ ಒಳಗಿರಲಿ, ಊಟ ಆದ ಮೇಲೆ ಮಿಕ್ಕಿದ್ದು ಅಲ್ಲಿ ಉಳಿಯದಿರಲಿ. ನಾನು ಕೇಳುವುದು ಅಷ್ಟೇ. ಸಾಕಿದ ಲ್ಯಾಬ್ರಡಾರನ್ನು ಟೇಕಡಿಯ ಮೇಲೆ ಬೆಲ್ಟು ಬಿಚ್ಚಿ 'ಓಡು ಮಗನೇ' ಅನ್ನುವವರಿಗೂ ಇದೇ ಮಾತು, ಇನ್ನೂ ಸ್ವಲ್ಪ ಗಟ್ಟಿಯಾಗಿ.

ಇನ್ನು ನಿಮಗೆ ಎಲ್ಲಾದರೂ ಹೀಗೆ ಸತ್ತ ಹಕ್ಕಿ ಕಂಡರೆ, ಪುಣೆಯಲ್ಲೋ ಥಾಣೆಯಲ್ಲೋ ನಮ್ಮ ಊರ ಕಡೆಯಲ್ಲೋ, ಮೊದಲು ದೂರದಿಂದ ಒಂದು ಫೋಟೋ, ಗರಿ ಹೇಗೆ ಹರಡಿದೆ ಅಂತ ಕಾಣುವ ಹಾಗೆ. ಆಮೇಲೆ ಹತ್ತಿರದಿಂದ ನಾಲ್ಕೈದು ಗರಿಯ ಬುಡ, ಗಾಯ, ಎದೆ, ಹೆಜ್ಜೆ. ಹೆಜ್ಜೆಯ ಪಕ್ಕ ಒಂದು ನಾಣ್ಯ ಇಟ್ಟು ತೆಗೆದರೆ ಅಳತೆ ಸಿಗುತ್ತದೆ. ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ರೋಗ ಇರಬಹುದು. ಮನೆಗೆ ಗರಿ ತರಬೇಡಿ, ಸತ್ತ ನವಿಲು ಸರ್ಕಾರದ ಸ್ವತ್ತು. ಮಹಾರಾಷ್ಟ್ರದಲ್ಲಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಫೋನಿನಲ್ಲಿ 'ಚಿರತೆ ಕೊಂದಿದೆ, ಬನ್ನಿ' ಅನ್ನುವ ಬದಲು 'ನವಿಲು ಸತ್ತಿದೆ, ಗರಿ ಕಡಿದಿವೆ, ಎದೆ ತಿಂದಿಲ್ಲ' ಅನ್ನಿ. ಆ ಕಡೆಯವರಿಗೆ ಯಾರನ್ನು ಕಳಿಸಬೇಕು, ಜೊತೆಗೆ ಏನು ತರಬೇಕು ಅಂತ ಗೊತ್ತಾಗುತ್ತದೆ.

ಮಳೆ ಬಿದ್ದ ಮೇಲೆ ಲಾಂಡೋರಗಳು ಪೊದೆಯ ಕೆಳಗೆ ನೆಲದ ಮೇಲೆ ಕಾವಿಗೆ ಕೂರುತ್ತವೆ, ಸುಮಾರು ನಾಲ್ಕು ವಾರ ಎದ್ದು ಹೋಗುವ ಹಾಗಿಲ್ಲ. ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ತಟ್ಟೆಗಳ ಜಾಗ ಬದಲಿಸುವ ವಿಷಯ ಎತ್ತಬೇಕು ಅಂತ ಮೇ ತಿಂಗಳ ಅಜೆಂಡಾದಲ್ಲಿ ಬರೆಸಿದ್ದೇನೆ. ಪಾರ್ಕಿಂಗ್ ಜಗಳ ಮುಗಿದರೆ ನಮ್ಮ ಸರದಿ.